ಆಟಿಕೆಯ ಬೆಲೆಯನ್ನು ತೆರುವವರು ಯಾರು?

ಮಕ್ಕಳ ಆಟವು ಧರ್ಮವಿಚಾರದ ಹೊರಗಿನ ವಿಷಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಮ್ಮ ಪೂರ್ವಿಕರು ಹಾಗೆ ಭಾವಿಸಿರಲಿಲ್ಲ. ಪಶ್ಚಿಮ ಭಾರತದ ಜೈನರು ಚಿತ್ರಿಸಿಟ್ಟುಕೊಂಡ ಜ್ಞಾನ ಚೌಪಡದ ಪಟಗಳಲ್ಲಿ ಹಾವು ಏಣಿಯ ಆಟವೇ ಕರ್ಮಸಿದ್ಧಾಂತದ ಪಾಠವಾಗಿತ್ತು. ಸದ್ಗುಣದ ಮನೆಯಿಂದ ಏಣಿಯು ಮೇಲಕ್ಕೆ ಒಯ್ಯುತ್ತದೆ, ದೋಷದ ಮನೆಯಿಂದ ಹಾವು ಕೆಳಕ್ಕೆ ಇಳಿಸುತ್ತದೆ, ತುತ್ತತುದಿಯಲ್ಲಿ ಮೋಕ್ಷಸ್ಥಾನವಿದೆ. ಆಟವನ್ನು ರೂಪಿಸುವವನು ಆಡುವವನ ಮನಸ್ಸನ್ನೂ ರೂಪಿಸುತ್ತಾನೆಂಬ ಅರಿವು ಆ ಪಟಗಳ ಹಿಂದಿದೆ. ಇಂದು ಆ ಕೆಲಸವನ್ನು ತಂತ್ರಜ್ಞರು ಮಾಡುತ್ತಿದ್ದಾರೆ. ಆದುದರಿಂದ, ಸಾಮಾನ್ಯ ಕುಟುಂಬದ ಮಗುವಿನ ಕೈಗೂ ಎಟಕುವಂತಹ ವಿಡಿಯೊ ಆಟದ ಯಂತ್ರವನ್ನು ನಿರ್ಮಿಸುವುದು ಎಂತಹ ಕಾರ್ಯ ಎಂಬ ಪ್ರಶ್ನೆ ಶ್ರಾವಕರಿಗೆ ಅಪ್ರಸ್ತುತವಲ್ಲ.

ಈ ಪ್ರಶ್ನೆಯ ಪರಿಶೀಲನೆಗೆ ಜಪಾನಿನ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಕ್ಯೋಟೊ ನಗರದ ನಿಂಟೆಂಡೊ ಸಂಸ್ಥೆಯನ್ನು 1965ರಲ್ಲಿ ಸೇರಿದ ಗುನ್ಪೆ ಯೊಕೊಯಿ ಅವರು ಮೊದಲು ಆಟದ ಎಲೆಗಳನ್ನು ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ರೈಲಿನಲ್ಲಿ ಪ್ರಯಾಣಿಕನೊಬ್ಬ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತ ಕುಳಿತಿದ್ದುದನ್ನು ಕಂಡಾಗ, ಅಂಗೈಯಲ್ಲಿ ಅಡಗುವ ಆಟಿಕೆಯ ಯೋಚನೆ ಅವರಿಗೆ ಹೊಳೆಯಿತು. ಕ್ಯಾಲ್ಕುಲೇಟರುಗಳಿಗಾಗಿ ಅಪಾರ ಸಂಖ್ಯೆಯಲ್ಲಿ ತಯಾರಾಗಿ ಅಗ್ಗವಾಗಿದ್ದ ತಂತ್ರವನ್ನೇ ಬಳಸಿ 1980ರಲ್ಲಿ ಅವರು ‘ಗೇಮ್ ಅಂಡ್ ವಾಚ್’ ಎಂಬ ಆಟಿಕೆಯನ್ನು ರೂಪಿಸಿದರು. ಒಣಗಿದ ತಂತ್ರವಿದ್ಯೆಯನ್ನು ಹೊಸ ದಿಕ್ಕಿನಲ್ಲಿ ಬಳಸುವುದೇ ತಮ್ಮ ಮಾರ್ಗವೆಂದು ಅವರು ಹೇಳಿಕೊಳ್ಳುತ್ತಿದ್ದರು. ಹಸಿ ಮರದ ಬಾಗಿಲು ಮುಂದೆ ಡೊಂಕಾಗುತ್ತದೆ, ಚೆನ್ನಾಗಿ ಒಣಗಿದ ಮರ ಬಾಗುವುದಿಲ್ಲವೆಂಬುದನ್ನು ನಮ್ಮ ಬಡಗಿಗಳೂ ಬಲ್ಲರು.

1989ರಲ್ಲಿ ಅವರ ನೇತೃತ್ವದಲ್ಲಿ ‘ಗೇಮ್ ಬಾಯ್’ ಹೊರಬಂದಿತು. ಜಪಾನಿನಲ್ಲಿ ಅದರ ಬೆಲೆ 12,500 ಯೆನ್, ಅಮೆರಿಕದಲ್ಲಿ ಸುಮಾರು 90 ಡಾಲರ್. ಪರದೆಗೆ ಬಣ್ಣವಿರಲಿಲ್ಲ, ಒಳಬೆಳಕೂ ಇರಲಿಲ್ಲ. ಇದ್ದುದು ನಾಲ್ಕೇ ಛಾಯೆಗಳು. ಅದೇ ವರ್ಷ ಅಟಾರಿ ಸಂಸ್ಥೆಯು ಬಣ್ಣದ ಪರದೆಯ ‘ಲಿಂಕ್ಸ್’ ಯಂತ್ರವನ್ನು ಹೆಚ್ಚುಕಡಿಮೆ ಇಮ್ಮಡಿ ಬೆಲೆಗೆ ಮಾರಾಟಕ್ಕಿಟ್ಟಿತು. ಅದು ಆರು ಬ್ಯಾಟರಿ ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಬರಿದು ಮಾಡುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮಿಕ್ಕಿ ನಡೆಯುತ್ತಿತ್ತು. ಮುಂದೆ ಬಂದ ಬಣ್ಣದ ಮಾದರಿಯನ್ನೂ ಸೇರಿಸಿದರೆ ಅದರ ಮಾರಾಟ 11 ಕೋಟಿ 80 ಲಕ್ಷವನ್ನು ಮೀರಿತು. ಯೊಕೊಯಿ ಅವರು 1996ರಲ್ಲಿ ಸಂಸ್ಥೆಯನ್ನು ಬಿಟ್ಟು, 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಕೊನೆಯಲ್ಲಿ ಕೈಯಾಡಿಸಿದ್ದ ‘ವಂಡರ್‌ಸ್ವಾನ್’ ಯಂತ್ರವು 1999ರಲ್ಲಿ 4,800 ಯೆನ್ ಬೆಲೆಗೆ ಬಂದಿತು. ಅದಕ್ಕೆ ಒಂದೇ ಸೆಲ್ಲು ಸಾಕಾಗಿತ್ತು.

ಇದರಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ವಸ್ತುವೊಂದು ಅಗ್ಗವಾದಾಗ ಉಳಿದ ಹಣಕ್ಕೆ ಪ್ರತಿಯಾಗಿ ಯಾರೋ ಏನನ್ನೋ ತೆತ್ತಿರುತ್ತಾರೆ. ಇಲ್ಲಿ ತೆತ್ತವನು ಮುಖ್ಯವಾಗಿ ನಿರ್ಮಾಪಕನೇ. ಹೊಸತನದ ಹೆಗ್ಗಳಿಕೆಯನ್ನೂ ವರ್ಣವೈಭವವನ್ನೂ ಅವನು ಬಿಟ್ಟುಕೊಟ್ಟನು. ಗೃಹಸ್ಥನಿಗೆ ವಿಧಿಸಿರುವುದು ಸರ್ವಪರಿಗ್ರಹ ತ್ಯಾಗವಲ್ಲ, ಪರಿಗ್ರಹ ಪರಿಮಾಣ. ಇಷ್ಟು ಸಾಕು ಎಂದು ಗೆರೆ ಎಳೆಯುವ ವ್ರತವದು. ಲಾಭಕ್ಕಾಗಿ ದುಡಿದ ಆ ಸಂಸ್ಥೆಗೆ ವ್ರತಿಕನ ಪಟ್ಟವನ್ನು ಕಟ್ಟಬೇಕಾಗಿಲ್ಲ. ಆದರೂ ಸೆಲ್ಲು ಕಡಿಮೆಯಾದಷ್ಟೂ ನೆಲದಿಂದ ಅಗೆಯುವ ಲೋಹ ಕಡಿಮೆ, ಅದರಿಂದಾಗುವ ಪೃಥ್ವೀಕಾಯಿಕ ಜೀವಗಳ ಹಿಂಸೆಯೂ ಕಡಿಮೆ. ಅನಿವಾರ್ಯವಾದ ಉದ್ಯೋಗೀ ಹಿಂಸೆಯನ್ನು ಮಿತಗೊಳಿಸುವ ದಾರಿ ಇಂತಹ ನಿರ್ಣಯಗಳಲ್ಲಿಯೇ ಇದೆ.

ಇದಕ್ಕೆ ವಿರುದ್ಧವಾದ ಅಗ್ಗವೂ ಒಂದುಂಟು. ಇಂದು ಮೊಬೈಲ್ ಫೋನಿನಲ್ಲಿ ಅನೇಕ ಆಟಗಳು ಬೆಲೆಯಿಲ್ಲದೆಯೇ ದೊರೆಯುತ್ತವೆ. ಅಲ್ಲಿ ನಿರ್ಮಾಪಕನು ತ್ಯಜಿಸಿದ್ದು ಏನೂ ಇಲ್ಲ. ನಡುನಡುವೆ ಜಾಹೀರಾತು ಬರುತ್ತದೆ, ಸೋತ ಮಗುವಿಗೆ ಹಣ ಕೊಟ್ಟು ಮುಂದುವರಿಯುವ ಆಮಿಷ ಬರುತ್ತದೆ, ಇಂದು ಬಾರದಿದ್ದರೆ ನಿನ್ನೆ ಗಳಿಸಿದ್ದು ಹೋಗುವುದೆಂಬ ಭಯವೂ ಬರುತ್ತದೆ. ಬೆಲೆಯನ್ನು ತೆರುತ್ತಿರುವುದು ಮಗುವಿನ ಚಿತ್ತ. ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತದ ಬೀಜ ಇಲ್ಲಿದೆ. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿತು. ಪಣವನ್ನು ತಡೆಯುವುದು ಕಾನೂನಿಗೆ ಸಾಧ್ಯ. ಚಂಚಲವಾದ ಚಿತ್ತವನ್ನು ತಡೆಯುವುದು ಅದರಿಂದಾಗದು.

ಇನ್ನು ಹೆಚ್ಚು ಕಠಿಣವಾದ ಪ್ರಶ್ನೆ ಹಿಂಸೆಯದು. ಆಟದಲ್ಲಿ ಗುಂಡು ಹಾರಿಸಿದರೆ ಸಾಯುವುದು ಬರಿಯ ಬೆಳಕಿನ ಚುಕ್ಕೆ, ಯಾವ ಜೀವಕ್ಕೂ ನೋವಿಲ್ಲ ಎಂದು ಅನೇಕ ತಂದೆತಾಯಿಗಳು ಸಮಾಧಾನಪಟ್ಟುಕೊಳ್ಳುತ್ತಾರೆ. ಕನ್ನಡ ಜೈನರ ಸ್ಮೃತಿಯಲ್ಲಿ ಈ ವಾದಕ್ಕೆ ಎದುರಾಗಿ ನಿಂತಿರುವುದು ಜನ್ನನ ‘ಯಶೋಧರ ಚರಿತೆ’. ಅಲ್ಲಿ ರಾಜನು ಪ್ರಾಣಿವಧೆಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕತ್ತರಿಸಿದ್ದು ಹಿಟ್ಟು, ಆದರೆ ಸಂಕಲ್ಪ ಕೊಲ್ಲುವುದಾಗಿತ್ತು. ಅದರ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಗ್ಗತಿಯಲ್ಲಿ ಜನ್ಮಜನ್ಮಾಂತರ ಬಳಲುತ್ತಾರೆ.

ಹಾಗೆಂದು ಗುಂಡಿಯನ್ನೊತ್ತಿದ ಮಗುವನ್ನು ಯಶೋಧರನ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಬಲಿಯಿಂದ ಫಲ ದೊರೆಯುವುದೆಂಬ ಭಾವನೆಯಿಂದ ರಾಜನು ಕತ್ತಿ ಎತ್ತಿದನು. ಆಡುವ ಮಗುವಿಗೆ ಇದು ಆಟವೆಂಬ ಅರಿವಿದೆ. ಚದುರಂಗದ ಆನೆ ಕುದುರೆಗಳನ್ನು ಹೊಡೆಯುವಾಗ ನಮ್ಮ ಮನಸ್ಸಿನಲ್ಲಿರುವುದು ಲೆಕ್ಕಾಚಾರವೇ ಹೊರತು ವಧೆಯಲ್ಲ. ಆದುದರಿಂದ ಕೇಳಬೇಕಾದುದು ಪರದೆಯ ಮೇಲೆ ಏನು ಬಿದ್ದಿತು ಎಂಬುದನ್ನಲ್ಲ, ಆಡುವವನು ಯಾವುದರಲ್ಲಿ ಆನಂದಪಟ್ಟನು ಎಂಬುದನ್ನು. ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಹಿಂಸಾನಂದವನ್ನು ಮೊದಲು ಹೇಳಿರುವುದು ಈ ಕಾರಣಕ್ಕೇ. ರಕ್ತ ಚಿಮ್ಮಿದಾಗ ಅಂಕ ಹೆಚ್ಚುವಂತೆ, ನರಳಾಟ ಕೇಳಿದಾಗ ನಗು ಬರುವಂತೆ ಹೆಣೆದ ಆಟವು ಆ ಆನಂದವನ್ನೇ ಅಭ್ಯಾಸ ಮಾಡಿಸುತ್ತದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನ, ಅಪಧ್ಯಾನಗಳೂ ಸೇರಿವೆ. ಇಂತಹ ಆಟವನ್ನು ಮಾಡಿ ಮಾರುವವನೂ, ಅಳು ನಿಲ್ಲಿಸಲೆಂದು ಅದನ್ನು ಮಗುವಿನ ಕೈಗಿಡುವವನೂ ಈ ಮಾತನ್ನು ತಮಗೇ ಅನ್ವಯಿಸಿಕೊಂಡು ನೋಡಬೇಕು.

ಹಿಂಸೆಯಿಲ್ಲದ ಆಟವೆಲ್ಲ ನಿರ್ದೋಷವೆಂದೂ ಹೇಳಲಾಗದು. ಅಮೆರಿಕದಲ್ಲಿ ಗೇಮ್ ಬಾಯ್ ಜೊತೆಗೆ ಕೊಡುತ್ತಿದ್ದ ‘ಟೆಟ್ರಿಸ್’ ಆಟವನ್ನು ಮಾಸ್ಕೋದ ಅಲೆಕ್ಸಿ ಪಜಿತ್ನೊವ್ ಅವರು 1980ರ ದಶಕದಲ್ಲಿ ರೂಪಿಸಿದರು. ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಆ ಆಟದಲ್ಲಿ ಶತ್ರುವಿಲ್ಲ, ವಧೆಯಿಲ್ಲ. ಮಗುವೂ ಅಜ್ಜನೂ ಅದನ್ನು ಸಮನಾಗಿ ಆಡಬಲ್ಲರು. ಆದರೆ ತುಂಡುಗಳು ಬೀಳುತ್ತಲೇ ಇರುತ್ತವೆ. ಸೋಲುವವರೆಗೂ ಆಟ ಮುಗಿಯುವುದಿಲ್ಲ, ಸೋತ ಕ್ಷಣವೇ ಮತ್ತೊಮ್ಮೆ ಆಡುವ ಆಸೆ ಹುಟ್ಟುತ್ತದೆ. ಯಂತ್ರದ ಮಿತಿಯು ಆಡುವವನ ಸಂಯಮಕ್ಕೆ ನೆರವಾಗಬಹುದು, ಸಂಯಮದ ಬದಲಿಗೆ ನಿಲ್ಲಲಾರದು. ನಿರ್ಮಾಪಕನು ಎಳೆದ ಗೆರೆಯ ಒಳಗೆ ಮನೆಯವರು ಇನ್ನೊಂದು ಗೆರೆಯನ್ನು ಎಳೆಯಲೇಬೇಕು.

ಆ ಗೆರೆಗೆ ಬೇಕಾದ ಅಳತೆ ನಮ್ಮ ಮನೆಗಳಲ್ಲಿಯೇ ಇದೆ. ಸಾಮಾಯಿಕಕ್ಕೆ ಕೂರುವವರು ಒಂದು ಮುಹೂರ್ತ, ಅಂದರೆ 48 ನಿಮಿಷ, ಮನಸ್ಸನ್ನು ನಿಲ್ಲಿಸಲು ಯತ್ನಿಸುತ್ತಾರೆ. ಧರ್ಮಕ್ಕೆ ಕೊಡುವ ವೇಳೆಗಿಂತ ಆಟಕ್ಕೆ ಕೊಡುವ ವೇಳೆ ಹೆಚ್ಚಾಗಬಾರದೆಂಬ ನಿಯಮವನ್ನು ಮಗು ತಾನಾಗಿ ಒಪ್ಪಬೇಕಾದರೆ, ಹಿರಿಯರು ಮೊದಲು ತಮ್ಮ ಕೈಯ ಫೋನನ್ನು ಕೆಳಗಿಡಬೇಕು. ಬಸದಿಗಳ ಟ್ರಸ್ಟುಗಳು ಪಾಠಶಾಲೆಯ ಮಕ್ಕಳಿಗೆ ಆಟವನ್ನು ನಿಷೇಧಿಸುವ ಮೊದಲು, ಇಬ್ಬರು ಕೂಡಿ ಆಡಬಹುದಾದ, ಮುಗಿಯುವ ಆಟಗಳನ್ನು ಆರಿಸಿ ಕೊಡುವ ಹೊಣೆಯನ್ನು ಹೊರಲಿ. ಎಲೆಕ್ಟ್ರಾನಿಕ್ ವಸ್ತುಗಳ ವ್ಯಾಪಾರದಲ್ಲಿಯೂ ಗಣಕತಂತ್ರದ ಉದ್ಯೋಗದಲ್ಲಿಯೂ ನಮ್ಮ ಸಮಾಜದ ಯುವಕ ಯುವತಿಯರು ಇದ್ದಾರೆ. ಅವರು ತಾವು ಮಾಡುವ, ಮಾರುವ ವಸ್ತುವಿನ ಮುಂದೆ ಒಂದು ಕ್ಷಣ ನಿಂತು, ಇದು ಇಷ್ಟು ಅಗ್ಗವಾಗಲು ನಾನು ಏನನ್ನು ಬಿಟ್ಟುಕೊಟ್ಟೆ, ಆಡುವ ಮಗುವಿನಿಂದ ಏನನ್ನು ಕಿತ್ತುಕೊಂಡೆ ಎಂದು ಕೇಳಿಕೊಳ್ಳಲಿ. ಎರಡನೆಯ ಪ್ರಶ್ನೆಗೆ ಏನೂ ಇಲ್ಲವೆಂದು ನಿರ್ಭಯವಾಗಿ ಉತ್ತರಿಸಬಲ್ಲವರ ಉದ್ಯೋಗವು ಶ್ರಾವಕಧರ್ಮಕ್ಕೆ ಒಪ್ಪುವಂತಹುದು.