ಎದೆಯ ಮೇಲೆ ಹೊತ್ತ ಹೆಸರುಗಳು: ಬೈಬಲಿನಲ್ಲಿ ಯಾಜಕತ್ವದ ಅರ್ಥ

ಬೈಬಲಿನಲ್ಲಿ ಯಾಜಕನೆಂದರೆ ದೇವರ ಸನ್ನಿಧಿಯಲ್ಲಿ ಜನರ ಪರವಾಗಿಯೂ ಜನರ ನಡುವೆ ದೇವರ ಪರವಾಗಿಯೂ ನಿಲ್ಲುವವನು. ಬಲಿಯನ್ನು ಅರ್ಪಿಸುವುದು, ಧೂಪ ಹಾಕುವುದು, ಧರ್ಮಶಾಸ್ತ್ರವನ್ನು ಬೋಧಿಸುವುದು, ಶುದ್ಧಾಶುದ್ಧಗಳನ್ನು ನಿರ್ಣಯಿಸುವುದು, ಜನರನ್ನು ಆಶೀರ್ವದಿಸುವುದು ಇವೆಲ್ಲವೂ ಅವನ ಕರ್ತವ್ಯಗಳು. ಹಳೆಯ ಒಡಂಬಡಿಕೆಯಲ್ಲಿ ಈ ಹೊಣೆ ಇಸ್ರಾಯೇಲಿನ ಲೇವಿ ಕುಲಕ್ಕೆ, ಅದರಲ್ಲಿಯೂ ಮೋಶೆಯ ಅಣ್ಣನಾದ ಆರೋನನ ವಂಶಕ್ಕೆ ಸೇರಿತ್ತು. ಕಾನಾನ್ ದೇಶದ ಭೂಮಿಯನ್ನು ಕುಲಗಳಿಗೆ ಹಂಚಿದಾಗ ಲೇವಿಯರಿಗೆ ಉಳಿದವರಂತೆ ಪಾಲು ದೊರೆಯಲಿಲ್ಲ. ದೇವರೇ ಆರೋನನ ಪಾಲು ಎಂದು ಅರಣ್ಯಕಾಂಡ ಹೇಳುತ್ತದೆ, ಮತ್ತು ಉಳಿದ ಕುಲಗಳು ಕೊಡುವ ದಶಮಾಂಶವೇ, ಎಂದರೆ ಬೆಳೆ ಮತ್ತು ಹಿಂಡಿನ ಹತ್ತನೆಯ ಒಂದು ಭಾಗವೇ, ಲೇವಿಯರ ಜೀವನಾಧಾರವಾಗಿತ್ತು.

ಯಾಜಕತ್ವದ ಅರ್ಥ ಅತ್ಯಂತ ಸ್ಪಷ್ಟವಾಗಿ ಕಾಣುವುದು ಮಹಾಯಾಜಕನ ಉಡುಪಿನಲ್ಲಿ. ವಿಮೋಚನಕಾಂಡದ 28ನೆಯ ಅಧ್ಯಾಯದ ವಿವರಣೆಯಂತೆ, ಏಫೋದ್ ಎಂಬ ಕಸೂತಿಯ ಮೇಲುಡುಪಿನ ಎರಡು ಹೆಗಲುಪಟ್ಟಿಗಳ ಮೇಲೆ ಎರಡು ರತ್ನಗಳಿದ್ದು ಒಂದೊಂದರಲ್ಲಿ ಆರಾರು ಕುಲಗಳ ಹೆಸರುಗಳನ್ನು ಕೆತ್ತಲಾಗಿತ್ತು; ಎದೆಯ ಪದಕದಲ್ಲಿ ನಾಲ್ಕು ಸಾಲುಗಳಲ್ಲಿ ಜೋಡಿಸಿದ ಹನ್ನೆರಡು ರತ್ನಗಳ ಮೇಲೆ ಅದೇ ಹೆಸರುಗಳು ಮತ್ತೊಮ್ಮೆ ಇದ್ದವು. ಪವಿತ್ರಸ್ಥಾನವನ್ನು ಪ್ರವೇಶಿಸುವಾಗ ಅವನು ತನ್ನ ಹಿರಿಮೆಯನ್ನಲ್ಲ, ಇಡೀ ಜನಾಂಗದ ಹೆಸರುಗಳನ್ನು ಹೆಗಲ ಮೇಲೂ ಎದೆಯ ಮೇಲೂ ಹೊತ್ತುಕೊಂಡು ಹೋಗುತ್ತಿದ್ದನು. ವರ್ಷಕ್ಕೊಮ್ಮೆ ಬರುವ ದೋಷಪರಿಹಾರಕ ದಿನದಂದು, ಎಂದರೆ ಸಮಸ್ತ ಜನರ ಪಾಪಗಳಿಗಾಗಿ ಪ್ರಾಯಶ್ಚಿತ್ತ ನಡೆಯುವ ದಿನದಂದು, ಈ ವೈಭವವನ್ನೂ ಕಳಚಿಟ್ಟು ಬರಿಯ ನಾರಿನ ಬಟ್ಟೆ ಉಟ್ಟು ಮಹಾಪವಿತ್ರಸ್ಥಾನಕ್ಕೆ ಹೋಗಬೇಕಾಗಿದ್ದ ಅವನು ಮೊದಲು ತನ್ನ ಪಾಪಕ್ಕಾಗಿ ಹೋರಿಯನ್ನು ಅರ್ಪಿಸಿ, ಅನಂತರವೇ ಜನರಿಗಾಗಿ ಹೋತವನ್ನು ಅರ್ಪಿಸಬೇಕಾಗಿತ್ತು. ಪರರಿಗಾಗಿ ನಿಲ್ಲುವವನೂ ಕ್ಷಮೆಯನ್ನು ಬೇಡಬೇಕಾದವನೇ ಎಂಬುದನ್ನು ಯಾಜಕಕಾಂಡ ಎಲ್ಲಿಯೂ ಮರೆಮಾಚುವುದಿಲ್ಲ.

ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ನೆಲಸಮ ಮಾಡಿದ ಮೇಲೆ ಅಲ್ಲಿನ ಬಲಿಗಳು ನಿಂತುಹೋದವು. ಕ್ರೈಸ್ತ ನಂಬಿಕೆ ಕ್ರಿಸ್ತನನ್ನೇ ಶಾಶ್ವತ ಮಹಾಯಾಜಕನೆಂದು ಒಪ್ಪುತ್ತದೆ. ಯೇಸು ಹುಟ್ಟಿದ್ದು ಯೂದ ಕುಲದಲ್ಲಿ; ವಂಶದ ನಿಯಮದಂತೆ ಆತನು ಯಾಜಕನಾಗಲಾರನು. ಆದ್ದರಿಂದಲೇ ಇಬ್ರಿಯರಿಗೆ ಬರೆದ ಪತ್ರಿಕೆ, ಅಬ್ರಾಮನಿಗೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತಂದುಕೊಟ್ಟ ಸಾಲೇಮಿನ ಅರಸನೂ ಯಾಜಕನೂ ಆದ, ವಂಶಾವಳಿಯ ಉಲ್ಲೇಖವೇ ಇಲ್ಲದ ಮೆಲ್ಕಿಜೆದೇಕನನ್ನು ನೆನಪಿಗೆ ತಂದು, ಯೇಸುವಿನ ಯಾಜಕತ್ವವು ಹುಟ್ಟಿನಿಂದ ಬಂದುದಲ್ಲವೆಂದೂ ಆತನು ತನ್ನನ್ನೇ ಒಂದೇ ಸಾರಿ ಅರ್ಪಿಸಿಕೊಂಡದ್ದರಿಂದ ಬೇರೆ ಬಲಿ ಬೇಕಿಲ್ಲವೆಂದೂ ವಾದಿಸುತ್ತದೆ. ಮುಂದೆ ಸಭೆಗಳು ಇದನ್ನು ಬೇರೆಬೇರೆ ರೀತಿಯಲ್ಲಿ ಅರ್ಥೈಸಿಕೊಂಡವು. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಪರಂಪರೆಗಳು ಗುರುದೀಕ್ಷೆ ಪಡೆದವರ ಸೇವೆಯಲ್ಲಿ ಕ್ರಿಸ್ತನ ಯಾಜಕತ್ವವೇ ಮುಂದುವರಿಯುತ್ತದೆ ಎನ್ನುತ್ತವೆ. ಮಾರ್ಟಿನ್ ಲೂಥರ್ 1520ರಲ್ಲಿ ದೀಕ್ಷಾಸ್ನಾನ ಪಡೆದವರೆಲ್ಲರೂ ಯಾಜಕರೇ ಎಂದು ಸಾರಿದನು. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಗುರುಗಳ ಸೇವೆಯ ಪ್ರತ್ಯೇಕತೆಯನ್ನು ಉಳಿಸಿಕೊಂಡೇ ಎಲ್ಲ ವಿಶ್ವಾಸಿಗಳ ಸಾಮಾನ್ಯ ಯಾಜಕತ್ವವನ್ನು ಎತ್ತಿಹೇಳಿತು.

ಇಷ್ಟು ದೊಡ್ಡ ಚರ್ಚೆ ಕಡಲಾಚೆಯ ಒಂದು ಕನ್ನಡ ಮನೆಯಲ್ಲಿ ಕ್ರಿಸ್ಮಸ್ ರಾತ್ರಿ ಮಗುವಿನ ಬಾಯಿಂದ ಹೊರಬಂದಿತು. ಆರಾಧನೆ, ಊಟ, ಫೋಟೋಗಳು ಎಲ್ಲವೂ ಮುಗಿದಿದ್ದರೂ ಹಬ್ಬ ಮುಗಿದಂತೆ ಅನಿಸದ ಹೊತ್ತಿನಲ್ಲಿ, ಊರಿನಿಂದ ಬಂದಿದ್ದ ಅಜ್ಜಿ ಎಲ್ಲರನ್ನೂ ಕೂರಿಸಿ ಕುಟುಂಬ ಪ್ರಾರ್ಥನೆ ಮಾಡಿದರು. ಅಳಿಯನ ಕೆಲಸ, ಮೊಮ್ಮಕ್ಕಳ ಓದು, ಊರಲ್ಲಿ ಹಾಸಿಗೆ ಹಿಡಿದ ನೆರೆಮನೆಯಾಕೆ, ತೀರಿಹೋದ ತಮ್ಮನ ಮಕ್ಕಳು, ಹೀಗೆ ಒಬ್ಬೊಬ್ಬರ ಹೆಸರನ್ನೂ ಬಿಡದೆ ಹೇಳಿದರು. ಮುಗಿದ ಮೇಲೆ ಮೊಮ್ಮಗಳು, “ಅಜ್ಜಿ, ಇದನ್ನ ಪಾಸ್ಟರ್ ಮಾಡ್ಬೇಕಲ್ವಾ? ನೀನು ಮಾಡ್ಬಹುದಾ?” ಎಂದು ಕೇಳಿದಳು. “ನಿಮ್ಮ ಹೆಸರು ದೇವರ ಮುಂದೆ ಹೇಳೋಕೆ ನಂಗೆ ಯಾರ ಅಪ್ಪಣೆ ಬೇಕು ಮಗಳೆ?” ಎಂಬುದು ಅಜ್ಜಿಯ ಉತ್ತರ.

ಆ ಉತ್ತರಕ್ಕೆ ಬೈಬಲಿನ ಆಧಾರವಿದೆ. ಆರೋನನು ನೇಮಕಗೊಳ್ಳುವ ಮೊದಲೇ, ಸೀನಾಯಿ ಬೆಟ್ಟದ ಬುಡದಲ್ಲಿ, ಇಡೀ ಜನಾಂಗವೇ ಯಾಜಕರಾಜ್ಯವಾಗಬೇಕೆಂಬ ಕರೆ ಬಂದಿತ್ತು. ಪೇತ್ರನ ಮೊದಲನೆಯ ಪತ್ರಿಕೆ ಅದೇ ಪದವಿಯನ್ನು ವಿಶ್ವಾಸಿಗಳೆಲ್ಲರಿಗೂ ಕೊಡುತ್ತದೆ. ಆ ಪತ್ರಿಕೆಯನ್ನು ಬರೆದದ್ದು ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಎಂಬ ಪ್ರಾಂತ್ಯಗಳಲ್ಲಿ ಚದರಿಹೋಗಿ ಪ್ರವಾಸಿಗಳಾಗಿ ಬಾಳುತ್ತಿದ್ದವರಿಗೆ ಎಂಬುದನ್ನು ಪರದೇಶದ ಕನ್ನಡ ಕ್ರೈಸ್ತರು ಹೆಮ್ಮೆಯಿಂದ ನೆನೆಯಬಹುದು. ಸ್ವಂತ ಭೂಮಿಯಿಲ್ಲದ ಲೇವಿಯರಂತೆ ನೆಲೆ ತಪ್ಪಿದ ಈ ಜನರೂ ಯಾಜಕರೆಂದು ಕರೆಸಿಕೊಂಡರು.

ಹೆಮ್ಮೆಯ ಜೊತೆಗೆ ಚಿಂತೆಯೂ ಇದೆ. ಅಂದು ಆ ಮಗುವಿಗೆ ಅಜ್ಜಿಯ ಪ್ರಾರ್ಥನೆಯಲ್ಲಿ ಅರ್ಥವಾದದ್ದು ಹೆಸರುಗಳು ಮಾತ್ರ. ಗ್ರಂಥದ ಕನ್ನಡದಲ್ಲಿ ಹರಿದ ಉಳಿದ ಮಾತುಗಳಿಗೆ ಅವಳು ಅಭ್ಯಾಸಬಲದಿಂದ ಆಮೆನ್ ಎಂದಳು. ತಿಳಿಯದ ಮಾತಿನ ಸ್ತೋತ್ರಕ್ಕೆ ಕೇಳುವವನು ಹೇಗೆ ಆಮೆನ್ ಹೇಳಿಯಾನು ಎಂದು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಪೌಲನು ಕೇಳುತ್ತಾನೆ. ಆ ಪ್ರಶ್ನೆಯನ್ನು ಒಪ್ಪಿದರೆ ಮನೆಯ ಪ್ರಾರ್ಥನೆ ಇಂಗ್ಲಿಷಿಗೆ ಹೊರಳುವುದನ್ನು ತಪ್ಪೆನ್ನಲಾಗದು. ಹೊರಳಿದರೆ ಊರಿನ ಆ ನೆರೆಮನೆಯಾಕೆಯ ಹೆಸರು ಪಟ್ಟಿಯಲ್ಲಿ ಉಳಿಯುವುದೆಂಬ ಭರವಸೆಯೂ ಇಲ್ಲ. ತಂದೆತಾಯಿಗಳು ವಾರಕ್ಕೊಮ್ಮೆಯಾದರೂ ಈ ಪ್ರಾರ್ಥನೆಯನ್ನು ಮಕ್ಕಳಿಗೇ ಒಪ್ಪಿಸಲಿ, ಅವರಿಗೆ ಬರುವ ಮುರುಕು ಕನ್ನಡದಲ್ಲಿಯೇ ಹೆಸರುಗಳನ್ನು ಹೇಳಲಿ, ಯಾರು ಯಾರ ಮಗ, ಯಾರಿಗೆ ಯಾವ ಕಷ್ಟ ಎಂಬುದನ್ನು ಹಿರಿಯರು ಮೊದಲು ತಿಳಿಹೇಳಲಿ. ಇಷ್ಟು ಸಾಕಾಗುವುದೇ ಎಂಬುದನ್ನು ಆ ಮಕ್ಕಳು ತಮ್ಮ ಮಕ್ಕಳನ್ನು ಪ್ರಾರ್ಥನೆಗೆ ಕೂರಿಸುವ ಕಾಲಕ್ಕೆ ಮಾತ್ರ ತಿಳಿಯಬಹುದು.