ಹರಿದುಹೋದ ಮಣ್ಣಿಗೂ ಲೆಕ್ಕವಿದೆ

"ಮೌಲ್ವಿ ಸಾಹೇಬರೇ, ನನ್ನ ಹೊಲದ ಮಣ್ಣು ಮಳೆಗೆ ಕೊಚ್ಚಿಹೋದರೆ ನಷ್ಟ ನನಗೇ. ಇದರಲ್ಲಿ ಗುನಾಹ್ ಏನು ಬಂತು?"

ಜುಮಾ ನಮಾಝಿನ ಬಳಿಕ ರೈತರೊಬ್ಬರು ನನ್ನನ್ನು ಹೀಗೆ ಕೇಳಿದರು. ಭೂಮಿ ಅಲ್ಲಾಹನ ಅಮಾನತ್ತು, ಅದನ್ನು ಹಾಳುಗೆಡವುವುದು ತಪ್ಪು ಎಂದು ನಾನು ಅಂದು ಹೇಳಿದ್ದೆ. ಮಳೆ ಸುರಿಸುವವನು ಅಲ್ಲಾಹನು, ಇಳಿಜಾರು ಮಾಡಿದವನೂ ಅವನೇ, ನಾನು ಯಾರಿಗೂ ಮೋಸ ಮಾಡಿಲ್ಲ ಎಂಬುದು ಅವರ ವಾದ. ಆ ಹೊತ್ತಿಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ಮಣ್ಣಿನ ಸಂಶೋಧಕರ ಕೆಲಸದಲ್ಲಿ. ಎರೆಭೂಮಿಯ ಅಧ್ಯಯನಕ್ಕಾಗಿ ಬಳ್ಳಾರಿಯಲ್ಲಿ 1954ರಿಂದ ಇಂತಹ ಒಂದು ಕೇಂದ್ರವಿದೆ. ಸಂಶೋಧಕರ ವಿಧಾನ ಸರಳವಾದುದು. ಒಂದೇ ಇಳಿಜಾರಿನಲ್ಲಿ ಅಕ್ಕಪಕ್ಕ ಕೆಲವು ತುಂಡುಗಳನ್ನು ಮಾಡಿ, ಪ್ರತಿಯೊಂದರ ಕೆಳತುದಿಯಲ್ಲಿ ತೊಟ್ಟಿ ಇಡುತ್ತಾರೆ. ಒಂದು ತುಂಡು ಬೋಳು, ಇನ್ನೊಂದರಲ್ಲಿ ಬೆಳೆ, ಮತ್ತೊಂದರಲ್ಲಿ ಇಳಿಜಾರಿಗೆ ಅಡ್ಡವಾಗಿ ಉಳುಮೆ. ಮಳೆ ನಿಂತ ಮೇಲೆ ತೊಟ್ಟಿಗಳಿಗೆ ಬಂದ ನೀರನ್ನು ಅಳೆದು, ಮಣ್ಣನ್ನು ತೂಗುತ್ತಾರೆ. ಬರಿದಾದ ನೆಲಕ್ಕೆ ಬಡಿದ ಹನಿಗಳು ಮಣ್ಣಿನ ಹರಳುಗಳನ್ನು ಒಡೆಯುತ್ತವೆ. ನುಣುಪು ಕಣಗಳು ನೆಲದ ರಂಧ್ರಗಳನ್ನು ಮುಚ್ಚುತ್ತವೆ. ಇಂಗಲಾರದ ನೀರು ಮಣ್ಣನ್ನು ಹೊತ್ತುಕೊಂಡು ಓಡುತ್ತದೆ. ಹಸಿರು ಹೊದಿಕೆ ಇದ್ದಲ್ಲಿ ಹನಿಯ ಪೆಟ್ಟು ತಗ್ಗುತ್ತದೆ; ಅಡ್ಡ ಸಾಲುಗಳಿದ್ದಲ್ಲಿ ನೀರಿನ ಓಟ ನಿಧಾನವಾಗುತ್ತದೆ.

ಗಮನಿಸಿ ಓದುಗರೇ! ಅಲ್ಲಿ ಮಳೆ ಒಂದೇ, ಇಳಿಜಾರು ಒಂದೇ, ಮಣ್ಣೂ ಒಂದೇ. ತೊಟ್ಟಿಗಳಲ್ಲಿ ಕಾಣುವ ವ್ಯತ್ಯಾಸ ಮಾತ್ರ ಮನುಷ್ಯನ ಕೈಯ ಕೆಲಸ. ಮಳೆ ಅಲ್ಲಾಹನದೆಂಬುದು ಸತ್ಯ. ಆದರೆ ಆ ವ್ಯತ್ಯಾಸ ನಮ್ಮದು. ನಾವು ಉತ್ತರಿಸಬೇಕಾದುದೂ ಅದಕ್ಕೆ ಮಾತ್ರ.

ಇನ್ನು 'ನಷ್ಟ ನನಗೇ' ಎಂಬ ಮಾತು. 1983ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16.4 ಟನ್, ಅಂದರೆ ಎಕರೆಗೆ ಸುಮಾರು ಆರೂವರೆ ಟನ್ ಮಣ್ಣು ಸ್ಥಳ ಬಿಡುತ್ತದೆ. ಅದರಲ್ಲಿ ಶೇ. 29ರಷ್ಟು ಸಮುದ್ರ ಸೇರಿದರೆ ಶೇ. 10ರಷ್ಟು ಜಲಾಶಯಗಳಲ್ಲಿ ತಂಗುತ್ತದೆ. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 132 ಟಿಎಂಸಿ. 2016ರ ಸಮೀಕ್ಷೆಯಲ್ಲಿ ಅದು ಸುಮಾರು 105.8ಕ್ಕೆ ಇಳಿದಿತ್ತು. ಆ ಹೂಳೆಲ್ಲ ಹೊಲಗಳದ್ದೇ ಅಲ್ಲ, ಆದರೆ ಹೊಲಗಳ ಪಾಲೂ ಅದರಲ್ಲಿದೆ. ಮೇಲಿನವನು ಕಳೆದುಕೊಂಡ ಮಣ್ಣು ಕೆಳಗಿನವನ ನೀರಿನ ಜಾಗವನ್ನು ಆಕ್ರಮಿಸಿದೆ. ಕಾಲುವೆಯ ಕೊನೆಯಲ್ಲಿ ನೀರಿಗಾಗಿ ಕಾದು ಕುಳಿತ ಆ ರೈತನ ಮುಖವನ್ನು ನಾವು ಎಂದೂ ನೋಡಿಲ್ಲ. ನೋಡದವನು ನೆರೆಯವನಲ್ಲವೇ?

ಮದೀನಾದಲ್ಲಿ ಹಝ್ರತ್ ಝುಬೈರ್(ರ) ಮತ್ತು ಅನ್ಸಾರಿಯೊಬ್ಬರ ನಡುವೆ ಖರ್ಜೂರದ ತೋಟಕ್ಕೆ ಹರಿಯುವ ಕಾಲುವೆಯ ಕುರಿತು ವಿವಾದ ಬಂದಾಗ, ಪ್ರವಾದಿವರ್ಯರು(ಸ) ಮೇಲಿನ ತೋಟದವರಾದ ಝುಬೈರ್‌ರಿಗೆ ಮೊದಲ ಹಕ್ಕು ನೀಡಿದರು. ಬಳಿಕ ನೀರನ್ನು ನೆರೆಯವರಿಗೆ ಬಿಡಬೇಕೆಂದರು. ಮೇಲಿರುವವನಿಗೆ ಹಕ್ಕಿದೆ, ಆ ಹಕ್ಕಿಗೆ ಮಿತಿಯೂ ಇದೆ. ಹರಿಯುವ ನೀರಿನ ವಿಷಯದಲ್ಲಿ ಸತ್ಯವಾದದ್ದು ಆ ನೀರು ಹೊತ್ತೊಯ್ಯುವ ಮಣ್ಣಿನ ವಿಷಯದಲ್ಲಿ ಸುಳ್ಳಾಗಲಾರದು.

ಆದರೆ ಎಲ್ಲ ಹೊರೆಯನ್ನೂ ಬಡರೈತನ ಹೆಗಲಿಗೇ ಹೊರಿಸುವುದು ನ್ಯಾಯವೇ? ಖಂಡಿತ ಅಲ್ಲ. ಚಂಡೀಗಢದ ಸುಖ್ನಾ ಸರೋವರ 1958ರಲ್ಲಿ ನಿರ್ಮಾಣಗೊಂಡು ಬೇಗನೆ ಹೂಳಿನಿಂದ ತುಂಬತೊಡಗಿತು. ಮೂಲ ಹುಡುಕಿದಾಗ ಸುಖೋಮಾಜ್ರಿ ಎಂಬ ಹಳ್ಳಿಯ ಮೇಯ್ದು ಬೋಳಾದ ಗುಡ್ಡಗಳು ಕಂಡವು. ಮಣ್ಣು ವಿಜ್ಞಾನಿ ಪಿ. ಆರ್. ಮಿಶ್ರಾ ಅವರು ಹಳ್ಳಿಗರನ್ನು ದೂಷಿಸಿ ಸುಮ್ಮನಾಗಲಿಲ್ಲ. 1970ರ ದಶಕದಲ್ಲಿ ಅಲ್ಲಿ ಮಣ್ಣಿನ ಸಣ್ಣ ಅಣೆಕಟ್ಟುಗಳಾದವು. ಆ ನೀರಿನಲ್ಲಿ ಜಮೀನಿಲ್ಲದ ಮನೆಗೂ ಸಮಪಾಲು ಸಿಕ್ಕಿತು. ಆಗ ಜನರೇ ಗುಡ್ಡದಲ್ಲಿ ಮೇಯಿಸುವುದನ್ನು ಬಿಟ್ಟರು; ಹುಲ್ಲು ಚಿಗುರಿತು, ಹೂಳು ಇಳಿಯಿತು. ನ್ಯಾಯ ಸಿಕ್ಕಲ್ಲಿ ಮಣ್ಣೂ ನಿಂತಿತು. ಕೆಳಗಿದ್ದು ಲಾಭ ಪಡೆಯುವವರು ಮೇಲಿನವರ ಕಷ್ಟದಲ್ಲಿ ಪಾಲು ಪಡೆಯದೆ ಕೇವಲ ಉಪದೇಶ ಮಾಡಿದರೆ ಅದೂ ಒಂದು ಅನ್ಯಾಯವೇ.

ಮುಂದಿನ ಜುಮಾದಂದು ಆ ಹಿರಿಯರಿಗೆ ಹೀಗೆಂದೆ: "ಚಾಚಾ, ತಿಳಿಯದೆ ಹೋದ ಮಣ್ಣಿಗೆ ಅಲ್ಲಾಹನು ಕ್ಷಮಿಸುವವನು. ಕೈಲಾಗದ್ದನ್ನು ಅವನು ಕೇಳುವುದೂ ಇಲ್ಲ. ಆದರೆ ತಿಳಿದ ಮೇಲೆ, ಕೈಲಾದುದನ್ನೂ ಮಾಡದಿದ್ದರೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ಈ ಸಲ ಅಡ್ಡ ಉಳುತ್ತೇನೆ. ಬದು ಹಾಕಲು ಒಬ್ಬನಿಂದ ಆಗದು, ನಿಮ್ಮ ಹುಡುಗರನ್ನು ಕಳಿಸಿ" ಎಂದರು. ಅವರ ಮಾತು ನ್ಯಾಯವಾಗಿತ್ತು. ನಾನು ಹೇಳಿದ್ದಕ್ಕೆ ನನ್ನ ಪಾಲಿನ ಬೆಲೆಯನ್ನು ಅವರು ಕೇಳಿದ್ದರು. ಹುಡುಗರೊಂದಿಗೆ ನಾನೂ ಸಲಿಕೆ ಹಿಡಿದು ಹೋದೆ.

ನಮ್ಮ ಕಾಲಡಿಯ ಒಂದಂಗುಲ ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕು. ಅದನ್ನು ಮುಂದಿನ ಪೀಳಿಗೆಗೆ ಕೊರತೆಯಿಲ್ಲದೆ ಒಪ್ಪಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.