ದಿನದ ಧಮ್ಮ ಚಿಂತನೆ: ತಾನಾಗಿ ತೆರೆದುಕೊಳ್ಳುವ ಗುರುತು



ನಾನು ನೀರಿನ ಫಿಲ್ಟರ್ ಸರ್ವೀಸ್ ಮಾಡುವವನು. ಬೆಳಿಗ್ಗೆ ಕೆ.ಆರ್. ಪುರದಲ್ಲಿ ಬೈಕ್ ತೆಗೆದರೆ ಟಿನ್ ಫ್ಯಾಕ್ಟರಿ ದಾಟಿ, ಹಳೇ ಮದ್ರಾಸ್ ರಸ್ತೆ ಹಿಡಿದು ಇಂದಿರಾನಗರ, ಹಲಸೂರು, ಶಿವಾಜಿನಗರ ಸುತ್ತಿ ರಾತ್ರಿಯೇ ಮನೆ. ಇಂದಿರಾನಗರದಲ್ಲಿ ಒಂದೇ ನಂಬರಿನ ಕ್ರಾಸ್ ಬೇರೆ ಬೇರೆ ಸ್ಟೇಜಿನಲ್ಲಿ ಸಿಗುತ್ತದೆ. ಅದಕ್ಕೇ ಒಮ್ಮೆ ಹೋದ ಮನೆಯನ್ನು ಓಸ್‌ಮ್ಯಾಂಡ್ ಎಂಬ ಮ್ಯಾಪಿನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತೇನೆ. ಆ ಗುರುತುಗಳು ಜಿಪಿಎಕ್ಸ್ ಎಂಬ ಸಣ್ಣ ಫೈಲಿನಲ್ಲಿ ಉಳಿಯುತ್ತವೆ. ಅಕ್ಷಾಂಶ, ರೇಖಾಂಶ, ನಾವಿಟ್ಟ ಹೆಸರು, ಮುಖ್ಯವಾಗಿ ಇಷ್ಟೇ. ಮ್ಯಾಪ್ ತೆರೆದರೆ ಸಾಕು, ನಾವು ಕರೆಯದಿದ್ದರೂ ಎಲ್ಲವೂ ಬಂದು ನಿಲ್ಲುತ್ತವೆ.

ಹೋದ ತಿಂಗಳು ಹೊಸ ಫೋನ್ ತಗೊಂಡು ಹಳೇ ಫೈಲ್ ಹಾಕಿದೆ. ಎಲ್ಲ ಗುರುತುಗಳ ಜೊತೆ ಒಂದು ಕೆಂಪು ಗುರುತೂ ಬಂತು. ನಾನೇ ಇಟ್ಟ ಹೆಸರು: "ಲೋಟ".

ನಾಲ್ಕು ವರ್ಷದ ಹಿಂದೆ ಆ ಮನೆಯಲ್ಲಿ ಮೆಂಬ್ರೇನ್ ಬದಲಿಸಿ, ಟಿಡಿಎಸ್ ಅಳೆದು ತೋರಿಸಿ, ಕುಡಿಯಲು ನೀರು ಕೇಳಿದ್ದೆ. ಮನೆಯ ಹಿರಿಯರು ಊರು ಕೇಳಿದರು. ಆಮೇಲೆ "ಯಾವ ಜನ?" ಎಂದರು. ಹೇಳಿದೆ. ತಂದಿದ್ದ ಸ್ಟೀಲ್ ಲೋಟ ಒಳಗೆ ಹೋಯಿತು, ಪೇಪರ್ ಕಪ್ ಹೊರಗೆ ಬಂತು. ಅವರು ಕುಡಿಯುವ ನೀರನ್ನು ಆಗಷ್ಟೇ ಸರಿಮಾಡಿಕೊಟ್ಟಿದ್ದು ಇದೇ ಕೈ.

ಕಳೆದ ವಾರ ಅದೇ ಮನೆಯಿಂದ ಕಂಪ್ಲೇಂಟ್ ಬಂತು. ಕೆಂಪು ಗುರುತು ನೋಡಿದ್ದೇ ಮೈ ಬಿಗಿಯಾಯಿತು. ಬಾಗಿಲು ತೆರೆದವಳು ಒಬ್ಬ ಹುಡುಗಿ. ಮುಖ ಕೊಟ್ಟು ಮಾತಾಡಲಿಲ್ಲ. ಕೆಲಸ ಮುಗಿದ ಮೇಲೆ ಅವಳೇ ಸ್ಟೀಲ್ ಲೋಟದಲ್ಲಿ ನೀರು ತಂದು "ತಗೊಳ್ಳಿ ಅಣ್ಣ" ಎಂದಳು. "ಬೇಡ" ಎಂದು ಒರಟಾಗಿ ಹೇಳಿದೆ. ಬಿಲ್ಲಿಗೆ ಹೆಸರು ಕೇಳಿದಾಗ ತಿಳಿಯಿತು: ಹಳಬರು ಖಾಲಿ ಮಾಡಿ ಎರಡು ವರ್ಷವಾಗಿದೆ, ಇವರು ಬಾಡಿಗೆಗೆ ಬಂದವರು. "ನಮ್ಮಿಂದ ಏನಾದ್ರೂ ತಪ್ಪಾಯ್ತಾ ಅಣ್ಣ?" ಎಂದು ಕೇಳಿದಳು. ನನಗೆ ಉತ್ತರ ಹೊರಡಲಿಲ್ಲ.

ಹಲಸೂರು ಕೆರೆಯ ಪಕ್ಕ ಬೈಕ್ ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಮುಖ ನೋಡುವ ಮೊದಲೇ ವಿಳಾಸ ನೋಡಿ ಒಬ್ಬ ಮನುಷ್ಯಳನ್ನು ತೀರ್ಮಾನಿಸಿದ್ದೆ. ಕೇರಿಯ ಹೆಸರು ಕೇಳಿ ನಮ್ಮ ಅಪ್ಪ, ಅಜ್ಜಂದಿರಿಗೆ ಊರು ಮಾಡಿದ್ದೂ ಇದೇ ಅಲ್ಲವೇ?

ಮನೆಯಲ್ಲಿ ಮಗಳು "ಅಳಿಸಿಬಿಡಿ ಅಪ್ಪ" ಎಂದಳು. ಧಮ್ಮಪದದ ಮೊದಲ ವಗ್ಗವೂ, ತನಗಾದ ನಿಂದೆಯನ್ನು ಮನಸ್ಸಿಗೆ ಸುತ್ತಿಕೊಂಡವರ ವೈರ ಆರುವುದಿಲ್ಲ ಎನ್ನುತ್ತದೆ. ಆದರೂ ಬೆರಳು ಮುಂದೆ ಹೋಗಲಿಲ್ಲ. ನಾವು ಮರೆತರೆ ಮಾಡಿದವರಿಗೇ ಅನುಕೂಲ. ಮರೆಯುವುದೇ ಮೈತ್ರಿಯಾದರೆ ನಮಗೆ ಚರಿತ್ರೆಯೇ ಉಳಿಯುವುದಿಲ್ಲ.

ಆಗ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ನೆನಪಾಯಿತು. ಅದೂ ಒಂದು ರೀತಿಯಲ್ಲಿ ಗುರುತು ಹಾಕಿದ ನಕ್ಷೆಯೇ. 1901ರಲ್ಲಿ ಕೋರೆಗಾಂವ್‌ಗೆ ಹೊರಟ ಮಕ್ಕಳಿಗೆ ದಾರಿಯುದ್ದಕ್ಕೂ ಕುಡಿಯುವ ನೀರು ಸಿಗಲಿಲ್ಲ. ಬರೋಡದಲ್ಲಿ ಪಾರ್ಸಿ ವಸತಿಗೃಹದಿಂದ ಹೊರಹಾಕಿದರು. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಟಾಂಗಾ ಹೊಡೆಯಲು ಗಾಡಿಯವನು ಒಪ್ಪಲಿಲ್ಲ. ಹೊಡೆಯಲು ಬಾರದವರು ಹೊಡೆದು ಬಾಬಾಸಾಹೇಬರು ಕೆಳಗೆ ಬಿದ್ದರು. 1934ರಲ್ಲಿ ದೌಲತಾಬಾದ್ ಕೋಟೆಯಲ್ಲಿ ಕೆರೆಯ ನೀರಿನಲ್ಲಿ ಮುಖ ತೊಳೆದದ್ದಕ್ಕೆ ಗಲಾಟೆಯಾಯಿತು. ಅವರು ಒಂದನ್ನೂ ಅಳಿಸಲಿಲ್ಲ. ಯಾವ ಊರು, ಏನಾಯಿತು, ಯಾರು ಏನಂದರು, ಎಲ್ಲ ಬರೆದಿಟ್ಟರು. ಅಸ್ಪೃಶ್ಯತೆ ಎಂದರೇನೆಂದು ಅರಿಯದ ಹೊರಗಿನವರಿಗೆ ತಿಳಿಸುವುದೇ ಅದರ ಉದ್ದೇಶ.

ನನ್ನ ಗುರುತಿನಲ್ಲಿ ಏನಿತ್ತು? ತಾರೀಖಿಲ್ಲ, ಮಾತಿಲ್ಲ, ಉದ್ದೇಶವಿಲ್ಲ. ಒಂದು ಪದ, ಒಂದು ಕೆಂಪು ಬಣ್ಣ. ಅದನ್ನು ಇಟ್ಟುಕೊಂಡು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಲೂ ಆಗುತ್ತಿರಲಿಲ್ಲ. ಬಾಬಾಸಾಹೇಬರು ಬರೆದದ್ದು ಸಾಕ್ಷಿ. ನಾನು ಇಟ್ಟುಕೊಂಡದ್ದು ಬರೀ ಸಿಟ್ಟು.

ಇನ್ನೊಂದು ಮಾತೂ ಅರ್ಥವಾಯಿತು. ಉಳಿಸಿಡುವುದು ಬೇರೆ, ತಾನಾಗಿ ತೆರೆದುಕೊಳ್ಳುವುದು ಬೇರೆ. ಮ್ಯಾಪಿನಲ್ಲೂ ಇವೆರಡೂ ಬೇರೆಯೇ. ಗುರುತುಗಳ ಒಂದು ಗುಂಪನ್ನು ಅಳಿಸದೆಯೇ ಕಾಣದಂತೆ ಮಾಡಬಹುದು, ಬೇಕಾದಾಗ ತೆರೆಯಬಹುದು. ಪಾಳಿಯ 'ಸತಿ', ಸಂಸ್ಕೃತದ 'ಸ್ಮೃತಿ' ಒಂದೇ ಪದ, ಮೂಲ ಅರ್ಥ ನೆನಪು. ಬುದ್ಧರು ಮರೆವನ್ನು ಕಲಿಸಲಿಲ್ಲ, ಎಚ್ಚರದ ನೆನಪನ್ನು ಕಲಿಸಿದರು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದೂ ಒಂದು ಸ್ಮೃತಿಯೇ. ಆದರೆ ಅದು ಯೋಚಿಸುವ ಮೊದಲೇ ತಲೆಯಲ್ಲಿ ತೆರೆದುಕೊಳ್ಳುವ ಸ್ಮೃತಿ. ನಿನ್ನ ಜನ ಯಾವುದೆಂದು ಆ ಹಿರಿಯರ ಬಾಯಲ್ಲಿ ಕೇಳಿಸಿದ್ದು ಅದು. ನೀರು ಬೇಡ ಎಂದು ನನ್ನ ಬಾಯಲ್ಲಿ ಹೇಳಿಸಿದ್ದೂ ಅದರ ನೆರಳೇ.

ಅವತ್ತು ರಾತ್ರಿ ನೋಟ್‌ಬುಕ್ಕಿನಲ್ಲಿ ಆ ಘಟನೆಯನ್ನು ನೆನಪಿದ್ದಷ್ಟು ಪೂರ್ತಿ ಬರೆದೆ. ಆ ಗುರುತನ್ನು ಬೇರೆ ಗುಂಪಿಗೆ ಹಾಕಿ ಕಾಣದಂತೆ ಮಾಡಿದೆ. ಹುಡುಗಿಗೆ ಫೋನ್ ಮಾಡಿ "ತಪ್ಪು ನಿಮ್ಮದಲ್ಲಮ್ಮ, ನನ್ನದು" ಎಂದೆ. ಮುಂದಿನ ಸರ್ವೀಸಿಗೆ ಹೋದಾಗ ನೀರು ಕೇಳಿ ಕುಡಿಯುತ್ತೇನೆ.

ಹಾಗಾದರೆ ಒಳ್ಳೆಯ ಗುರುತುಗಳಾದರೂ ತಾವಾಗಿ ಬರಲಿ ಅನ್ನೋಣವೇ? ಪಂಚಶೀಲ ಹೇಳುವಾಗ ಪ್ರತಿ ಶೀಲದ ಕೊನೆಗೆ 'ಸಮಾದಿಯಾಮಿ' ಎನ್ನುತ್ತೇವೆ. ನಾನು ಕೈಗೊಳ್ಳುತ್ತೇನೆ ಎಂದು ಅರ್ಥ. ನಿನ್ನೆ ಕೈಗೊಂಡದ್ದು ಇಂದಿಗೆ ಸಾಲದು ಎಂದೇ ಅದನ್ನು ದಿನವೂ ಹೇಳುತ್ತೇವೆ. ಶೀಲವನ್ನೂ ಪ್ರತಿದಿನ ನಾವೇ ತೆರೆಯಬೇಕು.

ಇಂದಿನ ಪ್ರಶ್ನೆ: ಇವತ್ತು ಯಾರ ಮುಖ ನೋಡುವ ಮೊದಲೇ ನಿಮ್ಮೊಳಗೆ ಹಳೆಯ ಗುರುತು ತೆರೆದುಕೊಂಡಿತು? ಅದು ಸಾಕ್ಷಿಯೋ, ಸಿಟ್ಟೋ? ಭಾನುವಾರದ ಕೂಟದಲ್ಲಿ ಮಾತಾಡೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙